ನೀಲವ್ವನ ಬಂಡಿ ಮೊಗಲಾಯಿ ಸುತ್ತಿ ಬಂದದ್ದು

ಗಜೇಂದ್ರಗಡದ ಬಂಡಿ ಕೂಟಕ್ಕೆ ಹೊರಟವರು ನನ್ನನ್ನು ಮೊದಲು ಕೇಳುವುದು ಎತ್ತಿನ ಜೂಲು ಎಲ್ಲಿ ಸಿಗುತ್ತದೆ, ಕೊಂಬಿಗೆ ಯಾವ ಬಣ್ಣ ಒಪ್ಪುತ್ತದೆ ಎಂದು. ಕೀಲೆಣ್ಣೆ ಎಷ್ಟು ಒಯ್ಯಬೇಕು ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಕೂಟ ನೋಡಲು ಚಂದ, ಇಲ್ಲವೆನ್ನುವುದಿಲ್ಲ. ಹಿಂಗಾರಿ ಸುಗ್ಗಿ ಮುಗಿದು ಎತ್ತುಗಳಿಗೆ ಬಿಡುವಾದಾಗ ನಾಲ್ಕೂ ದಿಕ್ಕಿನ ಸವಾರಿ ಬಂಡಿಗಳು ಗುಡ್ಡದ ಬುಡದ ಬಯಲಿಗೆ ಬಂದು ಸೇರುತ್ತವೆ. ನೇಕಾರರು, ವರ್ತಕರು, ಊರೂರಿನ ಗೌಡರು ಸುತ್ತ ನಿಂತು ನೋಡುತ್ತಾರೆ. ಚಲೋ ಜೋಡಿಯ ಧಣಿಗೆ ರುಮಾಲು ಸುತ್ತುತ್ತಾರೆ. ಆದರೆ ಅಲ್ಲಿಗೆ ಹೋಗಿ ಮುಟ್ಟುವುದಿದೆಯಲ್ಲ, ಅದು ಬೇರೆಯೇ ಕಸುಬು. ಊರವರ ಬಂಡಿಗಳನ್ನು ಗಡಿ ದಾಟಿಸಿ ಒಯ್ದು, ಮತ್ತೆ ಗಡಿ ದಾಟಿಸಿ ಮನೆ ಮುಟ್ಟಿಸುವ ಆ ಕಸುಬು ನನ್ನದು.

ಆಗ ನಮ್ಮ ಸೀಮೆ ತೇಪೆ ಹಾಕಿದ ಕೌದಿಯ ಹಾಗಿತ್ತು. ಚಿಕ್ಕನರಗುಂದದಿಂದ ಹೊರಟರೆ ಮೊದಲು ನರಗುಂದ ಸಂಸ್ಥಾನ. ಯಾವಗಲ್ಲಿನ ಹತ್ತಿರ ಬೆಣ್ಣಿಹಳ್ಳ ದಾಟಿ ರೋಣದ ಕಡೆ ಕಾಲಿಟ್ಟರೆ ಕುಂಪಣಿ ಸರಕಾರ. ಅದರ ಆಚೆ ಗಜೇಂದ್ರಗಡದ ಜಹಗೀರು. ಸ್ವಲ್ಪ ಮಗ್ಗುಲಿಗೆ ಸರಿದರೆ ಮೊಗಲಾಯಿ, ಅಂದರೆ ಹೈದರಾಬಾದಿನ ನಿಜಾಮರ ಸೀಮೆ. ಗಡಿಗೊಂದು ನಾಕಾ, ನಾಕಾಕ್ಕೊಬ್ಬ ಕಾರಕೂನ. ಇಂಥವರ ಬಂಡಿ, ಇಂಥ ಬಣ್ಣದ ಎತ್ತು, ಜೊತೆಗೆ ಇಂಥಿಂಥ ಜನ ಎಂದು ಬರೆದ ರಹದಾರಿ ಇಲ್ಲದೆ ಯಾರ ಎತ್ತೂ ದಾಟುವಂತಿರಲಿಲ್ಲ. ಕದ್ದ ಎತ್ತನ್ನು ಗಡಿಯಾಚೆ ಹೊಡೆದುಬಿಟ್ಟರೆ ಈಚೆಯ ಸರಕಾರದ ಕೈ ಅಲ್ಲಿಗೆ ಮುಟ್ಟುವುದಿಲ್ಲ. ಅದಕ್ಕೇ ಇಷ್ಟೆಲ್ಲ ಬಂದೋಬಸ್ತು. ಕಾಗದದಲ್ಲಿ ಯಾರ ಹೆಸರಿದೆಯೋ ಅವರೇ ನಾಕಾದ ಮುಂದೆ ನಿಂತು "ನಾನೇ" ಎನ್ನಬೇಕು. ಅವರಿಲ್ಲದಿದ್ದರೆ ಕಾಗದಕ್ಕೆ ಕಿಮ್ಮತ್ತಿಲ್ಲ.

ಆ ವರ್ಷ ನನ್ನನ್ನು ಕರೆಸಿದವರು ನಮ್ಮೂರಿನ ದೊಡ್ಡ ಗೌಡರು. ಅವರಿಂದ ಬೇರೆಯಾಗಿ ಬಾಳುತ್ತಿದ್ದ ತಮ್ಮ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಿದ್ದ. ಆತನ ಹೆಂಡತಿ ನೀಲವ್ವ. ಮಕ್ಕಳಿರಲಿಲ್ಲ. ಹೊಲ, ಎತ್ತು, ಬಂಡಿ, ಆಳು, ಒಟ್ಟು ತಮ್ಮನ ಕಮತವೆಲ್ಲ ತಮ್ಮ ಕೈಗೆ ಬರಬೇಕೆಂದು ದೊಡ್ಡ ಗೌಡರ ಹಟ. ಕೊಡಲೊಲ್ಲೆ ಎಂದು ಆಕೆಯ ಹಟ. ಊರ ಹಿರಿಯರು ಊರಬಾಗಿಲ ಅಗಸಿಯ ಕಟ್ಟೆಯ ಮೇಲೆ ಕೂತು ತಲೆ ಕೆರೆದುಕೊಂಡರು. ಕೊನೆಗೆ ದೊಡ್ಡ ಗೌಡರೇ ಒಂದು ಕರಾರು ಮುಂದಿಟ್ಟರು. ನೀಲವ್ವನ ಗಂಡ ಈ ಸಲದ ಕೂಟಕ್ಕೆಂದು ಹೊಸ ಸವಾರಿ ಬಂಡಿ ಮಾಡಿಸಿಟ್ಟು ಸತ್ತಿದ್ದ. ನೀಲವ್ವ ಅದನ್ನು ಅದರ ಗಾಲಿಯ ಮೇಲೆಯೇ ಗಜೇಂದ್ರಗಡದ ಬಯಲಿಗೆ ಒಯ್ಯಬೇಕು, ಮುಕ್ಕಾಗದಂತೆ ತಿರುಗಿ ತರಬೇಕು. ತಂದರೆ ಕಮತ ಆಕೆಯದು. ಇಲ್ಲದಿದ್ದರೆ ಮರುಮಾತಿಲ್ಲದೆ ಅವರದು. ಹೆಂಗಸು, ಅಂಜಿ ಮನೆಯಲ್ಲೇ ಕೂಡುತ್ತಾಳೆ ಎಂದು ಅವರ ಲೆಕ್ಕ. ಆಕೆ ಮರುದಿನವೇ ರೊಟ್ಟಿ ಬಡಿಯಲು ಕೂತಳು.

ಹೊರಡುವ ಮುನ್ನ ನಾನು ಬಂಡಿಯನ್ನು ಸುತ್ತು ಹಾಕಿ ನೋಡಿದೆ. ಜಾಲಿ ಕಟ್ಟಿಗೆಯ ಅಚ್ಚು, ಗಾಲಿಗೆ ಹೊಸ ಕಬ್ಬಿಣದ ಹಳಿ, ಗಟ್ಟಿ ಕೆಲಸ. ಕೈಯಿಂದ ಅಳೆದು ನೋಡಿದರೆ ಗಾಲಿಯಿಂದ ಗಾಲಿಗೆ ಬಹಳ ಅಗಲ. ಎರೆ ಹೊಲದ ಕೆಸರಲ್ಲಿ ಮಗುಚಬಾರದೆಂದು ನಮ್ಮ ಕಡೆ ಹಾಗೆ ಮಾಡಿಸುತ್ತಾರೆ, ನಮ್ಮ ಹಾದಿಯ ಗಾಲಿ ಜಾಡೂ ಅಷ್ಟೇ ಅಗಲ. ಗಜೇಂದ್ರಗಡದ ಮುಂದೆ ಒಂದು ಕಲ್ಲು ದಿಬ್ಬವಿದೆ. ಅಲ್ಲಿ ಬಂಡಿಗಳು ಓಡಾಡಿ ಓಡಾಡಿ ಬಂಡೆಯಲ್ಲೇ ಜಾಡು ಕೊರೆದುಹೋಗಿದೆ. ಆ ಜಾಡು ಇಕ್ಕಟ್ಟು.

"ಗೌಡರ, ಬಂಡೆ ಹಾದ್ಯಾಗ ಈ ಬಂಡಿ ಕೂಡೂದಿಲ್ರಿ. ನಾ ಕಲ್ಲು ತುಂಬಿಸಿ, ಹಗ್ಗಾ ಹಿಡದು, ಹಗೂರಕ ಇಳಿಸ್ಬೇಕಾಕ್ಕೈತಿ," ಎಂದೆ.

"ಅದನ್ನ ಅಲ್ಲಿ ಹೋದ ಮ್ಯಾಲ ನೋಡೂಣು. ನೀ ನಡಿ," ಎಂದರು.

ಎರಡು ಬಂಡಿ ಹೊರಟವು. ನೀಲವ್ವನ ಸವಾರಿ ಬಂಡಿಯನ್ನು ನಾನು ಹೊಡೆಯುತ್ತಿದ್ದೆ. ಹಿಂದಿನ ಮೇವಿನ ಬಂಡಿ ಸಣ್ಣದು, ಹಳೆಯದು. ಅದನ್ನು ಆಕೆಯ ಕಮತದ ಮುದುಕ ಆಳು ಹೊಡೆಯುತ್ತಿದ್ದ. ದೊಡ್ಡ ಗೌಡರು ಕುದುರೆಯ ಮೇಲೆ. ರಹದಾರಿಯಲ್ಲಿ ಎರಡೂ ಬಂಡಿ, ಎತ್ತು, ಕುದುರೆ, ಜನ ಎಲ್ಲ ಒಂದೇ ಕಾಗದಕ್ಕೆ, ಗೌಡರ ಹೆಸರಿನಲ್ಲಿ ಬರೆಸಿತ್ತು. ಮನೆತನದ ಹಿರಿಯ ಗಂಡಸಿನ ಹೆಸರು ಹಾಕಿಸುವುದು ರೂಢಿ. ಯಾರೂ ಆ ಬಗ್ಗೆ ಎರಡನೆಯ ಮಾತಾಡಲಿಲ್ಲ.

ಬೆಣ್ಣಿಹಳ್ಳದ ವಿಷಯ ಹೋಗುವವರಿಗೆಲ್ಲ ಹೇಳುತ್ತೇನೆ, ಯಾರೂ ಕೇಳುವುದಿಲ್ಲ. ಸುಗ್ಗಿಯಾದ ಮೇಲೆ ಹಳ್ಳದಲ್ಲಿ ನೀರು ಹಿಮ್ಮಡಿ ಮುಚ್ಚುವಷ್ಟೂ ಇರುವುದಿಲ್ಲ. ಮೇಲೆ ಒಣಗಿ ಬಿರಿದ ನೆಲ, ಕೆಳಗೆ ಹುದಲು. ಸಲೀಸಾಗಿ ಕಂಡ ಕಡೆಯೇ ಅಚ್ಚಿನ ತನಕ ಹೂತುಹೋಗುತ್ತದೆ. ಯಾವಗಲ್ಲಿನವರು ದನ ದಾಟಿಸುವ ಜಾಗವನ್ನೇ ಹಿಡಿಯಬೇಕು, ಒಬ್ಬ ಕೋಲು ಹಿಡಿದು ತಿವಿಯುತ್ತ ಮುಂದೆ ನಡೆಯಬೇಕು, ಮೆತ್ತಗಿದ್ದಲ್ಲಿ ಹತ್ತಿಕಟ್ಟಿಗೆಯ ಹೊರೆ ಹಾಸಬೇಕು. ನಡುವೆ ನಿಲ್ಲಬಾರದು, ಹೊಡೆಯಲೂಬಾರದು. ಬಾಯಿಂದ ಹುರಿದುಂಬಿಸಿದರೆ ಸಾಕು. ನೀಲವ್ವ ತಾನೇ ಇಳಿದು, ಸೀರೆಯ ನೆರಿಗೆ ಎತ್ತಿ ಕಟ್ಟಿ, ಎತ್ತಿನ ಮುಂದೆ ನಡೆದಳು. ಎತ್ತುಗಳು ಆಕೆಯ ಬೆನ್ನು ನೋಡುತ್ತ ಬಂದವು. ಆಚೆ ದಂಡೆಯಲ್ಲಿ ಗಾಲಿಯ ನಡುವಿನ ಗುಂಬದೊಳಗಿನ ಕೆಸರು ಒಣಗುವ ಮೊದಲೇ ತೊಳೆದು ಹೊಸ ಕೀಲೆಣ್ಣೆ ಹಾಕಿದೆ. ಇದನ್ನು ಸಂಜೆಗೆ ಬಿಟ್ಟವರ ಅಚ್ಚು ಮರುದಿನ ನರಿಯ ಹಾಗೆ ಕೂಗುತ್ತದೆ.

ಕುಂಪಣಿ ನಾಕಾದಲ್ಲಿ ತೊಂದರೆಯಾಗಲಿಲ್ಲ. ಅಲ್ಲಿಯೂ ಒಂದು ಉಪಾಯವಿದೆ. ಅವರು ಹೇಳುವ ಮೊದಲೇ ಕೊಳ್ಳು ಹರಿದು, ಎತ್ತುಗಳನ್ನು ನೊಗದಿಂದ ಬಿಚ್ಚಿ ಹಿಡಿದು ಕಾರಕೂನನ ಮುಂದೆ ನಿಲ್ಲಿಸಬೇಕು. ತನ್ನನ್ನು ಎಬ್ಬಿಸದವರ ಮೇಲೆ ಕಾರಕೂನನಿಗೆ ಬಹಳ ಪ್ರೀತಿ. ಅವನು ಕೂತಲ್ಲಿಂದಲೇ ಹೆಸರು ಓದಿದ. ದೊಡ್ಡ ಗೌಡರು ಮೀಸೆ ತಿರುವಿ "ನಾನೇ" ಎಂದರು. ದಾಟಿದೆವು.

ರೋಣದಲ್ಲಿ ಇಳಿದು ಎತ್ತಿಗೆ ಲಾಳ ಕಟ್ಟಿಸಿದೆ. ಎರೆ ಮಣ್ಣಲ್ಲಿ ಬೆಳೆದ ಎತ್ತಿಗೆ ಲಾಳ ಗೊತ್ತಿಲ್ಲ, ಮೊದಲ ದಿನ ಬಿಸಿ ಕಲ್ಲು ತುಳಿದಂತೆ ಕಾಲೆತ್ತಿ ಕಾಲೆತ್ತಿ ಇಡುತ್ತದೆ. ಆದ್ದರಿಂದ ಲಾಳ ಕಟ್ಟಿಸಿದ ಮೇಲೆ ಒಂದು ದಿನ ಕಟ್ಟಿಹಾಕಿ ಮೇಯಿಸುವುದು ಒಳ್ಳೆಯದು. ಅಲ್ಲಿಂದ ಮುಂದೆ ನೆಲ ಮಸಾರಿಯಾಗುತ್ತದೆ, ಕೆಂಪಗಾಗುತ್ತದೆ, ಕಲ್ಲು ಏಳುತ್ತದೆ.

ದಿಬ್ಬದ ಬುಡಕ್ಕೆ ಬಂದಾಗ ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ. ನಾನು ಬಂಡಿ ನಿಲ್ಲಿಸಿ, ನೀಲವ್ವನನ್ನು ಇಳಿಸಿ, ಜಾಡು ನೋಡಲು ಮೇಲೆ ಹತ್ತಿದೆ. ಜಾಡಿಗೆ ಎಲ್ಲೆಲ್ಲಿ ಕಲ್ಲು ತುಂಬಬೇಕೆಂದು ನೋಡುತ್ತಿರುವಾಗ ಕೆಳಗಿನಿಂದ ಗಾಲಿಯ ಸಪ್ಪಳ ಬಂತು. ದೊಡ್ಡ ಗೌಡರು ಕುದುರೆ ಇಳಿದು, ಬಂಡಿಯ ಮೂಕಿಯ ಮೇಲೆ ಕೂತು, ತಾವೇ ಹೊಡೆದುಕೊಂಡು ಬರುತ್ತಿದ್ದರು. ನಮ್ಮ ಎರೆ ಸೀಮೆಯವರ ಚಾಳಿ ಒಂದಿದೆ. ಗಾಲಿ ಜಾಡಿಗೆ ಬಿತ್ತೆಂದರೆ ಹಗ್ಗ ಸಡಿಲ ಬಿಟ್ಟು ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ. ಊರಲ್ಲಿ ಜಾಡೇ ಬಂಡಿಯನ್ನು ಮನೆ ಮುಟ್ಟಿಸುತ್ತದೆ, ಅದು ಸರಿ. ಗೌಡರೂ ಹಾಗೆಯೇ ಹಗ್ಗ ಬಿಟ್ಟರು. ಒಂದು ಗಾಲಿ ಬಂಡೆಯ ಜಾಡಿಗೆ ಇಳಿಯಿತು, ಇನ್ನೊಂದು ಅಂಚಿನ ಮೇಲೆ ಹತ್ತಿತು. ಬಂಡಿ ಮಗ್ಗುಲಾಯಿತು. ಮುದುಕ ಓಡಿಬಂದು ಹೆಗಲು ಕೊಡದಿದ್ದರೆ ಮೂಕಿ ಮುರಿಯುತ್ತಿತ್ತು. ಗೌಡರು ಹಾರಿ ಇಳಿದರು, ಪಂಚೆಗೆ ಅಂಟಿದ ಧೂಳು ಕೊಡವಿಕೊಂಡರು.

ಬಂಡಿಗೆ ಏನೂ ಆಗಿರಲಿಲ್ಲ. ಆದರೆ ಎತ್ತುಗಳು ಬೆದರಿಬಿಟ್ಟವು. ಎಷ್ಟು ಪುಸಲಾಯಿಸಿದರೂ ಬಂಡೆಯ ಮೇಲೆ ಕಾಲಿಡಲೊಲ್ಲವು. ಬೆದರಿದ ಜೋಡಿಯನ್ನು ಕಲ್ಲು ತುಂಬಿದ ಜಾಡಿನ ಮೇಲೆ ನಡೆಸುವ ಧೈರ್ಯ ನನಗೂ ಬರಲಿಲ್ಲ.

"ರೋಣಕ್ಕ ಆಳು ಕಳಿಸಿ ಬಡಿಗ್ಯಾನ್ನ ಕರಸು," ಎಂದರು ಗೌಡರು. "ಅಚ್ಚು ಎರಡೂ ಕಡೆ ಕೊಯ್ದು ಗಾಲಿ ಒಳಗ ತರಲಿ. ಜಾಡಿಗೆ ಕೂಡತೈತಿ."

ಗಂಡನ ಅಣ್ಣನ ಎದುರು ನಮ್ಮ ಕಡೆಯ ಹೆಣ್ಣುಮಕ್ಕಳು ನೇರ ಮಾತಾಡುವುದಿಲ್ಲ. ನೀಲವ್ವ ಸೆರಗು ಮುಂದೆ ಎಳೆದುಕೊಂಡು, ಬಂಡಿಯ ಮರೆಯಲ್ಲಿ ನಿಂತು ನನಗೆ ಹೇಳಿದಳು. ಗೌಡರು ಎರಡು ಮಾರು ದೂರದಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು.

"ಅಣ್ಣಾ, ಅವರಿಗೆ ಹೇಳು. ಅಚ್ಚು ಕೊಯ್ದರ ಈ ಬಂಡಿ ನಮ್ಮೂರ ಜಾಡಿಗೆ ಕೂಡೂದಿಲ್ಲ. ಊರಾಗ ಇದು ಕುಂಟತೈತಿ. ಮುಕ್ಕಾಗದಂಗ ತರಬೇಕು ಅಂದವರು ಅವರ."

ನಾನು ಹೇಳಿದೆ. ಇಬ್ಬರೂ ಅಲ್ಲೇ ಇರುವಾಗ ಒಂದೇ ಮಾತನ್ನು ಎರಡು ಸಲ ಆಡುವ ನನ್ನ ಪಾಡು ಯಾರಿಗೂ ಬೇಡ.

"ಕೊಯ್ಯದಿದ್ದರ ಬಂಡಿ ಬಯಲಿಗೆ ಮುಟ್ಟೂದಿಲ್ಲ. ಬಿಚ್ಚಿ ಹೊತಗೊಂಡು ಹೋದರ ಅದು ಗಾಲಿ ಮ್ಯಾಲ ಹೋದಂಗಲ್ಲ," ಎಂದರು ಗೌಡರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಹಿತವಿತ್ತು. ನನಗೆ ಆಗ ಅವರ ಮೇಲೆ ಮೈ ಉರಿಯಿತು. ಹೊರಡುವಾಗಲೇ ಹೇಳಿದ್ದೆನಲ್ಲ, ಆಗ ನಡಿ ಎಂದವರು ಇವರೇ. ಕೊಯ್ದರೂ ಕಮತ ಅವರದು, ಕೊಯ್ಯದಿದ್ದರೂ ಅವರದು.

"ಇನ್ನೊಂದು ಹಾದಿ ಐತ್ರಿ," ಎಂದೆ. "ಮೊಗಲಾಯಿ ಒಳಗ ಹಾಯ್ದು ಗುಡ್ಡ ಸುತ್ತಿ ಹೋಗೂದು. ದೂರ ಐತಿ, ಖರೇ. ಆದರ ಮಣ್ಣಿನ ಹಾದಿ, ಸಪಾಟ. ನಾಳೆ ಹೊತ್ತು ಮುಣಗೂದರೊಳಗ ಬಯಲ ಮುಟ್ಟಬಹುದು. ಗೌಡರು ಸಂಗಾಟ ಬಂದು ನಾಕಾದಾಗ ನಿಂತರ ಆತು."

"ನನಗ ಮೊಗಲಾಯಿ ಧೂಳ ತಿನ್ನೂದು ಬ್ಯಾಡ. ನಾ ಈ ಹಾದಿ ಹಿಡದು ಮುಂದ ಹೊಕ್ಕೀನಿ. ನೀವು ಹ್ಯಾಂಗರ ಬರ್ರಿ," ಎಂದರು. ರಹದಾರಿಯನ್ನು ನನ್ನ ಕೈಗೆ ಕೊಟ್ಟರು. ಕೊಡುವಾಗ ಮೀಸೆಯ ಕೆಳಗೆ ನಕ್ಕದ್ದನ್ನು ನಾನು ಕಂಡೆ. ಅವರಿಲ್ಲದ ಕಾಗದ ಬರೀ ಕಾಗದ ಎಂದು ಅವರಿಗೂ ಗೊತ್ತು, ನನಗೂ ಗೊತ್ತು.

ಅವರ ಕುದುರೆ ದಿಬ್ಬದ ಮೇಲೆ ಮರೆಯಾದ ಮೇಲೆ ನಾನು ನೀಲವ್ವನಿಗೆ ಇದ್ದುದನ್ನು ಇದ್ದಂತೆ ಹೇಳಿದೆ. ನಾಕಾದಲ್ಲಿ ತಡೆಯುತ್ತಾರೆ, ಕದ್ದ ಎತ್ತು ಎಂದು ಹಿಡಿದು ಕಟ್ಟಿಹಾಕಿದರೂ ಆಶ್ಚರ್ಯವಿಲ್ಲ, ಹಿಂದಕ್ಕೆ ಹೋದರೆ ಎತ್ತಾದರೂ ಉಳಿದಾವು ಎಂದೆ.

ಆಕೆ ಬಿಳಿ ಎತ್ತಿನ ಗಂಗೆದೊಗಲು ಸವರಿದಳು. "ಹೊಳ್ಳಿ ಹೋದರ ಇವು ಅವರ ಮನಿ ಗ್ವಾದಲಿಗೆ ಹೊಕ್ಕಾವು. ಮುಂದ ಹೋದರ ಹೋಗ್ಲಿಕ್ಕಿಲ್ಲ. ಕೊಳ್ಳು ಕಟ್ಟಣ್ಣಾ," ಎಂದಳು.

ಮೊಗಲಾಯಿಯ ಹಾದಿ ಹಿಡಿಯುವವರು ಕುಡಿಯುವ ನೀರು ಜೊತೆಗಿಟ್ಟುಕೊಳ್ಳಬೇಕು. ಬಾವಿಗಳು ದೂರ ದೂರ. ಎತ್ತಿನ ಗೆಜ್ಜೆಸರ ಬಿಚ್ಚಿಡುವುದೂ ಒಳ್ಳೆಯದು. ಗಾಡಿ ಸದ್ದಿಲ್ಲದೆ ಹೋದರೆ ಕಂಡವರೆಲ್ಲ ಬಂದು ತಡೆದು ವಿಚಾರಿಸುವ ಕಾಟ ಕಡಿಮೆ. ನಾವು ಒಂದು ಹಳ್ಳಿಯ ಗುಡಿಯ ಮುಂದೆ ತಂಗಿ, ಮರುದಿನ ಎಳೆ ಬಿಸಿಲಲ್ಲಿ ನಾಕಾ ಮುಟ್ಟಿದೆವು. ಬೇವಿನ ಮರ, ಅದರ ಕೆಳಗೆ ಚಾಪೆ, ಚಾಪೆಯ ಮೇಲೆ ಮುನ್ಶಿ, ಮಗ್ಗುಲಲ್ಲಿ ಇಬ್ಬರು ಸಿಪಾಯಿಗಳು. ನಾನು ಎತ್ತು ಬಿಚ್ಚಿ ಮುಂದೆ ನಿಲ್ಲಿಸಿದೆ.

ಮುನ್ಶಿ ಕಾಗದವನ್ನು ಪೂರಾ ಓದಿದ. "ಈ ಹೆಸರಿನ ಮನಷ್ಯಾ ಎಲ್ಲಿ?"

"ಬಂಡೆ ಹಾದ್ಯಾಗ ಮುಂದ ಹೋಗ್ಯಾರ್ರಿ, ಸಾಹೇಬ್ರ."

"ಹಂಗಾದರ ಆಂವ ಬರೂತನಕಾ ಎತ್ತು ಇಲ್ಲೇ ಇರತಾವ."

ಸಿಪಾಯಿಯೊಬ್ಬ ಎದ್ದು ಹಗ್ಗಕ್ಕೆ ಕೈ ಹಾಕಿದ. ಬಂಡಿಯ ಪರದೆಯ ಹಿಂದಿನಿಂದ ನೀಲವ್ವನ ದನಿ ಬಂತು. "ಅಣ್ಣಾ, ಕೇಳು ಅವರನ್ನ. ಎತ್ತು ಅವರ ಹೆಸರಿಲೇ ಯಾಕ ಇರಬೇಕು? ಅವು ಅವರವಲ್ಲ."

ಮುನ್ಶಿ ತಲೆ ಎತ್ತಿದ. "ಹಂಗಾದರ ಯಾರವು? ನಿಮ್ಮ ಯಜಮಾನರ ಹೆಸರೇನು?"

ಗಂಡನ ಹೆಸರನ್ನು ಆಕೆ ಬಾಯಲ್ಲಿ ಹೇಳುವಂತಿಲ್ಲ. ನಾನು ಹೇಳಿದೆ, ತೀರಿಕೊಂಡಿದ್ದನ್ನೂ ಹೇಳಿದೆ. ಮುನ್ಶಿ ಲೇಖಣಿ ಕೆಳಗಿಟ್ಟ. "ಸತ್ತವರ ಹೆಸರಿಲೇ ರಹದಾರಿ ಬರೆಯೂದಿಲ್ಲ. ಈಗ ಯಾರವು ಅಂತ ಹೇಳ್ರಿ."

ಪರದೆ ಸರಿಯಿತು. ನೀಲವ್ವ ಇಳಿದು ಬಂದು ಎತ್ತುಗಳ ನಡುವೆ ನಿಂತಳು. "ನನ್ನವು," ಎಂದಳು. "ನೀಲವ್ವ ಅಂತ ಬರಕೊಳ್ರಿ."

ಅಷ್ಟು ವರ್ಷ ಆ ಮನೆಗೆ ಹೋಗಿ ಬಂದು ಮಾಡಿದವನು ನಾನು. ಆಕೆಯ ಬಾಯಲ್ಲಿ ಆಕೆಯ ಹೆಸರನ್ನು ಕೇಳಿದ್ದು ಅದೇ ಮೊದಲು.

ಮುನ್ಶಿ ಕೆಟ್ಟವನಲ್ಲ. ಗಡ್ಡ ಕೆರೆದುಕೊಂಡು ಯೋಚಿಸಿದ. "ಬರೀತೀನಿ ತಾಯಿ. ಹೊಸಾದು ಬರದರ ಹಳೇದು ರದ್ದ ಆಗಿ ನನ್ನ ಕಡೆ ಉಳೀತದ. ಆದರ ಜಾಮೀನು ಬೇಕು. ನಾಳೆ ಯಾರರ ಬಂದು ಇವು ನನ್ನ ಎತ್ತು ಅಂದರ, ಜಾಮೀನಿನವನ ಎತ್ತು ಜಪ್ತಿ ಆಗತಾವ. ಯಾರು ನಿಲ್ಲತೀರಿ?"

ಮುದುಕನಿಗೆ ಸ್ವಂತ ಎತ್ತಿರಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು.

ನನಗೆ ಭಯವಾಯಿತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮನೆಯಲ್ಲಿ ನನ್ನದೂ ಒಂದು ಜೋಡಿ ಇತ್ತು, ನನ್ನ ಮನೆಯವರ ಅನ್ನ ಅದರ ಹೆಗಲ ಮೇಲಿತ್ತು. ಬಾಡಿಗೆ, ಮೇವು, ಮನೆ ಕಟ್ಟಿದ ಜಾಗ, ಎಲ್ಲವೂ ದೊಡ್ಡ ಗೌಡರ ಕೃಪೆ. ಈ ಕೆಲಸಕ್ಕೆ ಕರೆದವರೂ ಅವರೇ. ಇಲ್ಲಿ ಗುರುತು ಹಾಕಿ ಊರಿಗೆ ಹೋದರೆ ಅವರ ಅಂಗಳದ ಬಾಗಿಲು ನನಗೆ ಮುಚ್ಚಿತೆಂದೇ ಲೆಕ್ಕ. ಮತ್ತೊಂದು ಕಡೆ, ಈ ಎತ್ತುಗಳು ಹಾಲು ಕುಡಿಯುವ ಕರುಗಳಾಗಿದ್ದಾಗಿನಿಂದ ಆಕೆಯ ಕೈಯ ಹಿಂಡಿ ತಿಂದು ಬೆಳೆದದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಮುನ್ಶಿ ಕೇಳಿದ್ದು ಇವು ಯಾರವು ಎಂದು. ನನಗೆ ಗೊತ್ತಿತ್ತು. ಗೊತ್ತಿಲ್ಲವೆಂದು ಬಾಯಿ ಮುಚ್ಚಿಕೊಂಡು ಹಿಂದಕ್ಕೆ ಬಂಡಿ ಹೊಡೆದಿದ್ದರೆ ಆಮೇಲೆ ಯಾವ ಎತ್ತಿನ ಮುಖ ನೋಡಲಿ?

"ನಾ ನಿಲ್ಲತೀನ್ರಿ," ಎಂದೆ.

ನಮ್ಮಂಥ ಓದು ಬಾರದವರು ಕಸುಬಿನ ಗುರುತು ಬರೆಯುತ್ತಾರೆ. ಒಕ್ಕಲಿಗರು ನೇಗಿಲು, ಬಡಿಗರು ಬಾಚಿ. ನಾನು ಬಾರಕೋಲು ಬರೆದೆ. ಅದು ಸೊಟ್ಟಗೆ ಬಂತು. ಮುನ್ಶಿ ಹಳೆಯ ಕಾಗದದ ಮೂಲೆ ಹರಿದು ಪೆಟ್ಟಿಗೆಗೆ ಹಾಕಿ, ಹೊಸದನ್ನು ನೀಲವ್ವನ ಕೈಗೇ ಕೊಟ್ಟ. ಎರಡು ಬಂಡಿ, ಎರಡು ಜೋಡಿ ಎತ್ತು, ಆಕೆಯ ಹೆಸರು, ಕೆಳಗೆ ಮುದುಕನದು, ನನ್ನದು.

ಆ ಮೇಲೆ ನಾವು ಎಲ್ಲೂ ನಿಲ್ಲಲಿಲ್ಲ. ರೊಟ್ಟಿಯನ್ನು ಮೂಕಿಯ ಮೇಲೆ ಕೂತೇ ತಿಂದೆವು. ಹೊತ್ತು ಗುಡ್ಡದ ಅಂಚಿಗೆ ಇಳಿಯುವಾಗ ಗಜೇಂದ್ರಗಡದ ಬಯಲು ಕಂಡಿತು. ಒಳಗೆ ಬಿಡುವ ಮುನ್ನ ರಹದಾರಿ ನೋಡಿ, ಅದರಲ್ಲಿದ್ದ ಹೆಸರನ್ನು ಡಂಗುರದವನು ಕೂಗಿ ಹೇಳುವುದು ಅಲ್ಲಿಯ ಪದ್ಧತಿ. "ಚಿಕ್ಕನರಗುಂದದ ನೀಲವ್ವನ ಬಂಡೀ!" ಎಂದು ಅವನು ಕೂಗಿದ. ದೊಡ್ಡ ಗೌಡರು ನಾಲ್ಕು ಊರಿನ ಗೌಡರ ನಡುವೆ ನಿಂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಸುಣ್ಣ ಹಚ್ಚಿದ ಎಲೆ ಅವರ ಕೈಯಲ್ಲೇ ಉಳಿಯಿತು. ಮಗ್ಗುಲಿನ ಗೌಡರೊಬ್ಬರು "ನಿಮ್ಮೂರಿನದಲ್ಲೇನ್ರಿ?" ಎಂದು ಕೇಳಿದರು. ಅವರು ಹೌದೆಂದು ಗೋಣು ಹಾಕಿದರು, ಅಷ್ಟೇ. ರುಮಾಲು ನಮಗೆ ಸಿಗಲಿಲ್ಲ. ಅದು ಮೊಗಲಾಯಿಯ ಒಂದು ಜೋಡಿಗೆ ಹೋಯಿತು, ಆ ಜೋಡಿ ನಿಜವಾಗಿಯೂ ನಮ್ಮದಕ್ಕಿಂತ ಚಂದವಿತ್ತು.

ಬಂಡಿ ಅಗಲವಾದ್ದರಿಂದ ತಿರುಗಿ ಹೋಗುವಾಗಲೂ ಮೊಗಲಾಯಿಯ ಹಾದಿಯನ್ನೇ ಹಿಡಿದೆವು. ಗೌಡರು ನಮ್ಮ ಜೊತೆ ಮಾತಾಡದೆ ಬಂಡೆ ಹಾದಿಗೆ ಕುದುರೆ ತಿರುಗಿಸಿದ್ದರು. ನಾವು ಬೇವಿನ ಮರ ಮುಟ್ಟುವ ಹೊತ್ತಿಗೆ ಹಿಂದಿನಿಂದ ಕುದುರೆಯ ಸಪ್ಪಳ ಕೇಳಿತು. ಮೈಯೆಲ್ಲ ಧೂಳಾಗಿ ಅವರು ಬಂದರು. ಕೂಟಕ್ಕೆ ಬರುವಾಗ ಜಹಗೀರಿನ ನಾಕಾದವರು ಕಾಗದ ಹಿಂದಿನ ಬಂಡಿಯಲ್ಲಿದೆ ಎಂಬ ಅವರ ಮಾತು ನಂಬಿ ಬಿಟ್ಟಿದ್ದರಂತೆ. ಹೋಗುವಾಗ ಕಾಗದ ತೋರಿಸಿ ಎಂದು ಕೂತುಬಿಟ್ಟರಂತೆ. ಹಳೆಯ ಕಾಗದ ಮುನ್ಶಿಯ ಹತ್ತಿರ ಉಳಿದದ್ದನ್ನು ಬಯಲಲ್ಲೇ ಮುದುಕ ಅವರಿಗೆ ಹೇಳಿದ್ದ.

"ನನ್ನ ಹೆಸರಿನ ರಹದಾರಿ ನಿಮ್ಮ ಕಡೆ ಐತಿ. ಕೊಡ್ರಿ," ಎಂದರು ಮುನ್ಶಿಗೆ.

"ಅದು ರದ್ದ ಆಗೇದ. ಹೊಸಾದು ಬೇಕಾದರ ನಿಮ್ಮ ಜಾಮೀನುದಾರರನ್ನ ಕರಕೊಂಡು ಬರ್ರಿ. ಅಲ್ಲೀತನಕಾ ಕುದರಿ ಇಲ್ಲೇ ಇರತದ," ಎಂದ ಮುನ್ಶಿ. ಆಮೇಲೆ ನೀಲವ್ವನ ಕಾಗದ ನೋಡುತ್ತ ಪರದೆಯ ಕಡೆಗೆ ತಿರುಗಿ ಕೇಳಿದ, "ಇವರು ನಿಮ್ಮ ಪೈಕಿ ಏನು?"

ಗೌಡರು ನನ್ನ ಕಡೆ ನೋಡಿದರು. ಈ ಸಲ ಯಾರ ಮಾತನ್ನು ಯಾರಿಗೆ ದಾಟಿಸಬೇಕೆಂದು ನನಗೆ ತಿಳಿಯಲಿಲ್ಲ. ನಾನು ಎತ್ತಿನ ಹಗ್ಗ ಹಿಡಿದು ನಿಂತೆ. ಒಳಗೊಳಗೆ ಆಕೆ ಇಲ್ಲ ಎನ್ನಲಿ ಎಂದು ಆಸೆಯಿತ್ತು, ಅದೂ ಖರೇ.

ಪರದೆಯ ಹಿಂದಿನಿಂದ ನೀಲವ್ವ ಹೇಳಿದಳು. "ಹೌದ್ರಿ. ಅವರು ನಮ್ಮ ಮನಿ ಹಿರೇರು. ನನ್ನ ಸಂಗಾಟ ಬಂದಾರ. ಕುದರೀನೂ ಅವರನ್ನೂ ನನ್ನ ಹೆಸರಿನ ಕೆಳಗ ಬರಕೊಳ್ರಿ."

ಮುನ್ಶಿ ಬರೆದ. ಗೌಡರು ಕುದುರೆ ಏರಲಿಲ್ಲ. ಲಗಾಮು ಹಿಡಿದು ಬಂಡಿಯ ಹಿಂದೆ ನಡೆದೇ ಗಡಿ ದಾಟಿದರು.

ಅಲ್ಲಿಂದ ಚಿಕ್ಕನರಗುಂದದ ತನಕ ಅವರು ಬಂಡಿಯ ಹಿಂದೆಯೇ ಬಂದರು. ಬೆಣ್ಣಿಹಳ್ಳ ದಾಟಿ ಎರೆ ನೆಲಕ್ಕೆ ಬಂದೊಡನೆ ಗಾಲಿಗಳು ನಮ್ಮ ಜಾಡಿನಲ್ಲಿ ಸರಿಯಾಗಿ ಕೂತವು. ಊರಿಗೆ ಬಂದಾಗ ಅಗಸಿಯ ಕಟ್ಟೆಯ ಮೇಲೆ ಹಿರಿಯರೆಲ್ಲ ಕೂತಿದ್ದರು. ಎದ್ದು ಬಂದು ಗಾಲಿ ನೋಡಿದರು, ಅಚ್ಚು ತಟ್ಟಿದರು, ಎತ್ತಿನ ಕಾಲು ಎತ್ತಿಸಿ ನೋಡಿದರು. ಆಮೇಲೆ ದೊಡ್ಡ ಗೌಡರ ಮುಖ ನೋಡುತ್ತ ನಿಂತರು. ಅಲ್ಲಿಂದ ಬಲಕ್ಕೆ ತಿರುಗಿದರೆ ದೊಡ್ಡ ಗೌಡರ ಅಂಗಳ, ಎಡಕ್ಕೆ ತಿರುಗಿದರೆ ನೀಲವ್ವನದು. ನಾನು ಹಗ್ಗ ಬಿಗಿ ಹಿಡಿದು, ಎದೆ ಗಟ್ಟಿ ಮಾಡಿಕೊಂಡು ಕೇಳಿದೆ.

"ಗೌಡರ, ಬಂಡಿ ಯಾರ ಅಂಗಳಕ್ಕ ಹೊಡೀಲ್ರಿ?"

ಅವರು ಕುದುರೆಯ ಕೊರಳು ತಟ್ಟುತ್ತ, ಕಟ್ಟೆಯ ಮೇಲಿನವರಿಗೆಲ್ಲ ಕೇಳುವಂತೆ ಹೇಳಿದರು. "ನನ್ನ ಯಾಕ ಕೇಳತೀಯೋ? ಮಾಲಕರು ಒಳಗ ಕುಂತಾರ. ಅವರನ್ನ ಕೇಳು."